ಹನ್ನೆರಡು ವರ್ಷ ಇರಾಕಿನ ಆಕಾಶ ಕಾದರಲ್ಲ, ಕಾಪಾಡಿದ್ದು ಯಾರನ್ನ?

ತುಂಗಾತೀರ
ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ವಾರದೊಳಗೆ ಟಿವಿಯಲ್ಲಿ ಯಾರಾದರೂ "ನೋ-ಫ್ಲೈ ಝೋನ್ ಮಾಡಿಬಿಡಲಿ" ಅಂತಾರೆ. 2022ರಲ್ಲಿ ಉಕ್ರೇನ್ ಕೇಳಿತು, ನೇಟೊ ಒಲ್ಲೆ ಅಂದಿತು. ಆವತ್ತು ನಮ್ಮನೆ ಊಟದ ಹೊತ್ತಲ್ಲಿ ನಾನೇ ಕೂಗಾಡಿದ್ದೆ, ವಿಮಾನ ಹಾರಬಾರದು ಅಂತ ಒಂದು ಗೆರೆ ಎಳೆಯೋಕೆ ಇವರಿಗೇನು ಕಷ್ಟ ಅಂತ. ಆಮೇಲೆ ಇರಾಕಿನ ವಿಷಯ ಓದುತ್ತಾ ಹೋದೆ. ಈಗ ನನ್ನ ಪ್ರಶ್ನೆಯೇ ತಿರುಗಿ ನಿಂತಿದೆ.

ಇರಾಕಿನ ಅಧ್ಯಕ್ಷ ಸದ್ದಾಂ ಆಕ್ರಮಿಸಿದ್ದ ಕುವೈತನ್ನ ಬಿಡಿಸಿದ ಯುದ್ಧ ಮುಗಿದದ್ದು 1991ರ ಫೆಬ್ರವರಿ ಕೊನೆಗೆ. ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ, ಉತ್ತರದ 36ನೇ ಅಕ್ಷಾಂಶದಿಂದ ಮೇಲೆ ಇರಾಕಿ ವಿಮಾನ ಹಾರಕೂಡದು ಅಂದರು. 1992ರ ಆಗಸ್ಟ್‌ನಲ್ಲಿ ದಕ್ಷಿಣದ 32ರಿಂದ ಕೆಳಗೂ ಬೇಡ ಅಂದರು. 1996ರಲ್ಲಿ ಆ ಗೆರೆಯನ್ನ 33ಕ್ಕೆ, ಅಂದರೆ ಬಾಗ್ದಾದಿನ ಬಾಗಿಲವರೆಗೆ ಏರಿಸಿದರು. 2003ರ ಮಾರ್ಚ್‌ನಲ್ಲಿ ಅಮೆರಿಕ ಇಡೀ ದೇಶದೊಳಗೇ ನುಗ್ಗುವವರೆಗೂ ಇದು ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಹಾರಾಟ. ಅಷ್ಟು ವರ್ಷದಲ್ಲಿ "ಇಂಥದ್ದು ಆದರೆ ನಾವು ನಿಲ್ಲಿಸ್ತೀವಿ" ಅನ್ನೋ ಒಂದು ಸಾಲು ನನಗೆ ಎಲ್ಲೂ ಸಿಗಲಿಲ್ಲ. ಕಾವಲು ಕಾಯೋನಿಗೆ ಬೆಳಗಾಗೋದು ಯಾವಾಗ ಅಂತ ಗೊತ್ತಿರಬೇಡವಾ?

ಗೊತ್ತಿರೋರು ಹೇಳಿ. ಇದರ ಉದ್ದೇಶ ನಿಜಕ್ಕೂ ಏನಿತ್ತು?

ಸಾಧನಕೇರಿ
ಅಲ್ರೀ, ಇದರಾಗ ತಿಳೀಲಾರದ್ದು ಏನೈತಿ? ನೆಲದಾಗ ಎಣ್ಣಿ ಐತಿ, ಅದಕ್ಕ ಮ್ಯಾಲೆ ಕಾವಲಾ ಕುಂತಾರ.

ನಕ್ಷೆಪ್ರಿಯ
@ಸಾಧನಕೇರಿ ಒಮ್ಮೆ ನಕ್ಷೆ ತೆಗೆದು ನೋಡಿ ಸರ್. ಉತ್ತರದ ಎಣ್ಣೆ ಊರು ಕಿರ್ಕುಕ್ ಇರೋದು 36ರ ಗೆರೆಯಿಂದ ಕೆಳಗೆ. ಅಂದ್ರೆ ವಲಯದ ಹೊರಗೆ. ಎಣ್ಣೆಗಾಗಿ ಗೆರೆ ಎಳೆದಿದ್ದರೆ ಅದನ್ನ ಬಿಡ್ತಿದ್ರಾ?

ಸಾಧನಕೇರಿ
ಮತ್ತ ದಕ್ಷಿಣದಾಗ ರುಮೈಲಾ? ಬಸ್ರಾ? ಅವು ಗೆರಿ ಒಳಗ ಅದಾವಲ್ಲ.

ನಕ್ಷೆಪ್ರಿಯ
ಒಪ್ಪಿದೆ, ಅವು ಒಳಗೆ. ಆದರೆ ಉತ್ತರದ ಗೆರೆ ಇನ್ನೂ ವಿಚಿತ್ರ. ಉತ್ತರ ಇರಾಕಿನ ಕುರ್ದ್ ಜನಾಂಗದವರನ್ನ ಕಾಪಾಡೋಕೆ ಅಂತ ಹೇಳಿ ಎಳೆದದ್ದು. ಆದರೆ ಕುರ್ದರ ದೊಡ್ಡ ಊರು ಸುಲೈಮಾನಿಯಾ 36ಕ್ಕಿಂತ ಕೆಳಗೆ, ಹೊರಗೇ ಉಳಿಯಿತು. ಸದ್ದಾಂ ಸರ್ಕಾರದ ಹಿಡಿತದಲ್ಲೇ ಇದ್ದ ಮೋಸುಲ್ ಒಳಗೆ ಬಂತು. ಜನ ಎಲ್ಲಿದ್ದಾರೆ ಅಂತ ನೋಡಿ ಎಳೆದ ಗೆರೆ ಅಲ್ಲ ಇದು. ಪೈಲಟ್‌ಗೆ ನೆನಪಿಡೋಕೆ ಸುಲಭವಾದ ಪೂರ್ಣ ಸಂಖ್ಯೆ ನೋಡಿ ಎಳೆದ ಹಾಗಿದೆ.

ದಕ್ಷಿಣದಲ್ಲೂ ಅದೇ ಕತೆ. 1991ರಲ್ಲಿ ಶಿಯಾ ಮುಸ್ಲಿಮರು ಸದ್ದಾಂ ವಿರುದ್ಧ ದಂಗೆ ಎದ್ದ ಮುಖ್ಯ ಊರುಗಳಲ್ಲಿ ಒಂದು ಕರ್ಬಲಾ. ಅದು 32ರಿಂದ ಮೇಲಿದೆ. 1996ರವರೆಗೆ ವಲಯದ ಹೊರಗೆ!

ಮೂರನೇಬೆಂಚು
ಒಂದು ಸಣ್ಣ ಡೌಟು. ಯಲಹಂಕದಲ್ಲಿ ಏರ್ ಶೋ ಆದಾಗ ಡ್ರೋನ್ ಹಾರಿಸಬೇಡಿ ಅಂತ ಹೇಳ್ತಾರಲ್ಲ, ಅದೂ ನೋ-ಫ್ಲೈ ಝೋನೇ ತಾನೆ? ಎರಡಕ್ಕೂ ಏನು ವ್ಯತ್ಯಾಸ?

ಎಂಜಿನ್‌ಟಿಪ್ಪಣಿ
ಅದು ನಮ್ಮ ಆಕಾಶಕ್ಕೆ ನಾವೇ ಹಾಕಿಕೊಳ್ಳೋ ನಿಯಮ. ಇದು ಇನ್ನೊಂದು ದೇಶದ ಆಕಾಶದಲ್ಲಿ ಆ ದೇಶದ ವಿಮಾನವನ್ನೇ ಹಾರಬೇಡ ಅನ್ನೋದು, ಹಾರಿದರೆ ಹೊಡೆದುರುಳಿಸೋದು. ಹೆಸರೊಂದೇ, ಸಂಬಂಧವೇ ಇಲ್ಲ.

ಮೂರನೇಬೆಂಚು
ಏರ್ ಶೋ ಬಂದ್ರೆ ನಮ್ಮ ಕಡೆ ಮಾಂಸದಂಗಡಿಗಳನ್ನೂ ಮುಚ್ಚಿಸ್ತಾರೆ, ಹದ್ದುಗಳು ಬರ್ತವೆ ಅಂತ. ಅಣ್ಣನ ಅಂಗಡಿ ಇದೆ, ಅದಕ್ಕೇ ಕೇಳಿದ್ದು. ಸರಿ, ಮುಂದುವರಿಸಿ.

ಕಾನೂನುಕಟ್ಟೆ
ಮೇಲಿನ ಯಾವ ಪೋಸ್ಟಿನಲ್ಲೂ ಒಂದು ಮುಖ್ಯ ವಿಷಯ ಬಂದಿಲ್ಲ. "ವಿಶ್ವಸಂಸ್ಥೆ ಹೇಳಿತ್ತು, ಅದಕ್ಕೇ ಮಾಡಿದರು" ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು.

ಇವರು ತೋರಿಸುತ್ತಿದ್ದದ್ದು ಭದ್ರತಾ ಮಂಡಳಿಯ 688ನೇ ನಿರ್ಣಯ, 1991ರ ಏಪ್ರಿಲ್ 5ರದ್ದು. ಇರಾಕ್ ತನ್ನ ಜನರ ಮೇಲೆ ನಡೆಸುತ್ತಿರುವ ದಮನವನ್ನು ಅದು ಖಂಡಿಸುತ್ತದೆ, ಪರಿಹಾರ ಸಂಸ್ಥೆಗಳನ್ನು ಒಳಗೆ ಬಿಡಿ ಎನ್ನುತ್ತದೆ. ಹಾರಾಟ ನಿಷೇಧದ ಮಾತೇ ಅದರಲ್ಲಿಲ್ಲ. ಬಲಪ್ರಯೋಗಕ್ಕೆ ಅನುಮತಿ ಕೊಡುವ ಏಳನೇ ಅಧ್ಯಾಯದ ಉಲ್ಲೇಖವೂ ಇಲ್ಲ. ಬೋಸ್ನಿಯಾಗೆ 1993ರಲ್ಲಿ 816ನೇ ನಿರ್ಣಯ, ಲಿಬಿಯಾಗೆ 2011ರಲ್ಲಿ 1973ನೇ ನಿರ್ಣಯ ಇದ್ದವು, ಅವುಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇರಾಕಿಗೆ ಅಂಥದ್ದೇನೂ ಇರಲಿಲ್ಲ. ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ತಾವೇ ಘೋಷಿಸಿಕೊಂಡದ್ದು.

688ಕ್ಕೆ ಹತ್ತು ಮತ ಪರ. ಕ್ಯೂಬಾ, ಯೆಮೆನ್, ಜಿಂಬಾಬ್ವೆ ವಿರೋಧ. ತಟಸ್ಥ ಉಳಿದ ಇಬ್ಬರು ಚೀನಾ ಮತ್ತು ಭಾರತ. ಇಪ್ಪತ್ತು ವರ್ಷದ ನಂತರ ಲಿಬಿಯಾ ವಿಷಯದಲ್ಲೂ ಭಾರತ ತಟಸ್ಥವಾಗಿಯೇ ಉಳಿಯಿತು.

ಸಾಧನಕೇರಿ
ನಮ್ಮವರು ತಟಸ್ಥ ಕುಂತಿದ್ದು ಛಲೋ ಆತು. ಮಂದಿ ಮನಿ ಜಗಳದಾಗ ನಡುವ ಹೋಗಬಾರದು.

ಬೆಳ್ಳಿಚುಕ್ಕಿ
ಮನೆ ಜಗಳ ಅಂತೀರಲ್ಲ, ಆ "ಮನೆ"ಯಲ್ಲಿ 1988ರಲ್ಲಿ ಹಲಬ್ಜಾ ಅನ್ನೋ ಊರಿನ ಮೇಲೆ ವಿಮಾನದಿಂದ ವಿಷಾನಿಲ ಸುರಿದು ಒಂದೇ ದಿನದಲ್ಲಿ ಸುಮಾರು ಐದು ಸಾವಿರ ಜನರನ್ನ ಕೊಂದರು. ಬಾಗಿಲ ಹೊರಗೆ ನಿಂತು "ಅವರ ಮನೆ ವಿಷಯ" ಅನ್ನೋಕೆ ನನಗಂತೂ ಆಗಲ್ಲ.

ಸಾಧನಕೇರಿ
ಹಲಬ್ಜಾ ನಾ ಮರತಿಲ್ಲ ತಂಗಿ. ಆದರ ಅವತ್ತ ಇದೇ ಅಮೆರಿಕ ಸದ್ದಾಂನ ಬೆನ್ನಿಗೆ ನಿಂತಿತ್ತು. 1988ರಾಗ ಇಲ್ಲದ ಕರುಣೆ 1991ರಾಗ ಎಲ್ಲಿಂದ ಬಂತು, ಅದನ್ನ ಕೇಳಾಕತ್ತೀನಿ.

ಉತ್ತರಧ್ರುವ
ಸ್ಟಾಕ್‌ಹೋಮಿನಿಂದ ಬರೀತಿದ್ದೇನೆ. ಇಲ್ಲಿ ಕುರ್ದರು ಬಹಳ ಜನ ಇದ್ದಾರೆ. ನಮ್ಮ ಪಕ್ಕದ ಮನೆಯವರೂ ಕುರ್ದರೇ, ಸುಲೈಮಾನಿಯಾ ಕಡೆಯವರು. ತುಂಗಾತೀರ ಅವರ ಪ್ರಶ್ನೆಯನ್ನ ಅವರ ಮುಂದೆ ಇಟ್ಟರೆ ಅರ್ಧ ಗಂಟೆ ಬಿಡಲ್ಲ.

1991ರ ಮಾರ್ಚ್ ಕೊನೆಯಲ್ಲಿ ಇರಾಕಿ ಸೇನೆ ಉತ್ತರಕ್ಕೆ ನುಗ್ಗಿದಾಗ ಹದಿನೈದು ಲಕ್ಷದಷ್ಟು ಜನ ಹಿಮದ ಬೆಟ್ಟ ಹತ್ತಿ ಟರ್ಕಿ, ಇರಾನ್ ಗಡಿಗೆ ಓಡಿದರು. ಹಲಬ್ಜಾ ಆಗಿ ಮೂರೇ ವರ್ಷ. ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ವಿಷ ಬಂತು ಅಂತ ಇಡೀ ಊರು ಖಾಲಿಯಾಗ್ತಿತ್ತಂತೆ. ಆ ಸದ್ದು ನಿಂತದ್ದೇ ನಮಗೆ ಜೀವದಾನ ಅಂತಾರೆ ಅವರು. 1992ರ ಮೇನಲ್ಲಿ ಅದೇ ನೆಲದಲ್ಲಿ ಚುನಾವಣೆ ಮಾಡಿದರು, ತಮ್ಮದೇ ಸರ್ಕಾರ ಕಟ್ಟಿಕೊಂಡರು, ಶಾಲೆಯಲ್ಲಿ ತಮ್ಮ ಭಾಷೆ ಕಲಿಸಿದರು. ಆ ಹನ್ನೆರಡು ವರ್ಷ ಇಲ್ಲದಿದ್ದರೆ ಇವತ್ತಿನ ಕುರ್ದಿಸ್ತಾನ ಸರ್ಕಾರ ಇರ್ತಿರಲಿಲ್ಲ. "ಉದ್ದೇಶ ಏನು" ಅಂತ ಕೇಳೋ ಮುಂಚೆ ಇದನ್ನೂ ತಕ್ಕಡಿಗೆ ಹಾಕಿ.

ತುಂಗಾತೀರ
@ಉತ್ತರಧ್ರುವ ಖಂಡಿತ ಹಾಕ್ತೀನಿ. ಇದು ಹಗುರವಾದ ಮಾತಲ್ಲ. ಆದರೆ ಒಂದು ಪ್ರಶ್ನೆ. ಆ ಜನರನ್ನ ಬೆಟ್ಟದಿಂದ ಕೆಳಗಿಳಿಸಿದ್ದು ವಿಮಾನವಾ, ಅಥವಾ ನೆಲದ ಮೇಲೆ ಬಂದ ಸೈನಿಕರಾ? ಆ ವಸಂತದಲ್ಲಿ ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಸಾವಿರಾರು ಸೈನಿಕರು ಉತ್ತರ ಇರಾಕಿನ ಝಾಖೋ, ದುಹೋಕ್ ಕಡೆ ಇಳಿದು ಇರಾಕಿ ಸೇನೆಯನ್ನ ಹಿಂದೆ ಸರಿಸಿದರು, ಡೇರೆ ಹಾಕಿಕೊಟ್ಟರು, ಆಗ ಜನ ಇಳಿದು ಬಂದರು. ಅಕ್ಟೋಬರ್‌ನಲ್ಲಿ ಇರಾಕಿ ಸೇನೆಯೇ ಕುರ್ದ್ ಪ್ರದೇಶದಿಂದ ಹಿಂದೆ ಹೋಗಿ ಒಂದು ಗೆರೆಯ ಹಿಂದೆ ನಿಂತಿತು. ಸುಲೈಮಾನಿಯಾ ಉಳಿದದ್ದೂ ಹಾಗೇ ಅಲ್ಲವಾ, 36ರ ಹೊರಗಿದ್ದೂ?

ನಕ್ಷೆಪ್ರಿಯ
ಈ ಪಾಯಿಂಟ್ ಸರಿಯಾಗಿದೆ.

ಉತ್ತರಧ್ರುವ
ಸೈನಿಕರು ಕೆಲವೇ ತಿಂಗಳಲ್ಲಿ ವಾಪಸ್ ಹೋದರು. ಆಮೇಲೆ ಉಳಿದದ್ದು ವಿಮಾನ ಮಾತ್ರ. ಸದ್ದಾಂ ಮತ್ತೆ ಬರದೇ ಇದ್ದದ್ದು ಯಾಕೆ? ಮೇಲೆ ಯಾರೋ ನೋಡ್ತಿದ್ದಾರೆ ಅನ್ನೋ ಭಯಕ್ಕೆ.

ತುಂಗಾತೀರ
ಆದರೆ ಬಂದನಲ್ಲ! 1996ರ ಆಗಸ್ಟ್ 31. ಕುರ್ದರ ಎರಡು ಪಕ್ಷಗಳು, ಬರ್ಜಾನಿಯವರದ್ದು ಮತ್ತು ತಲಬಾನಿಯವರದ್ದು, ಒಂದಕ್ಕೊಂದು ಹೊಡೆದಾಡ್ತಿದ್ದವು. ಬರ್ಜಾನಿ ಕಡೆಯವರು ಸದ್ದಾಂನನ್ನೇ ಕರೆದರು. ಇರಾಕಿ ಟ್ಯಾಂಕುಗಳು ಎರ್ಬಿಲ್‌ಗೆ ನುಗ್ಗಿದವು. ಎರ್ಬಿಲ್ ಇರೋದು 36ರಿಂದ ಮೇಲೆ, ನೋ-ಫ್ಲೈ ವಲಯದ ಒಳಗೇ. ಟ್ಯಾಂಕು ಹಾರಲ್ಲವಲ್ಲ, ನಿಯಮ ಮುರಿಯಲೇ ಇಲ್ಲ!

ಅದಕ್ಕೆ ಅಮೆರಿಕ ಕೊಟ್ಟ ಉತ್ತರ ನೋಡಿ. ನೂರಾರು ಕಿಲೋಮೀಟರ್ ದೂರದ ದಕ್ಷಿಣ ಇರಾಕಿನ ಮೇಲೆ ಎರಡು ದಿನದಲ್ಲಿ 44 ಕ್ರೂಸ್ ಕ್ಷಿಪಣಿ ಬಿಟ್ಟರು, ದಕ್ಷಿಣದ ಗೆರೆಯನ್ನ 32ರಿಂದ 33ಕ್ಕೆ ಏರಿಸಿದರು. ಉತ್ತರದಲ್ಲಿ ಗಾಯ, ದಕ್ಷಿಣಕ್ಕೆ ಪಟ್ಟಿ. ನನ್ನ ತಲೆ ಕೆಟ್ಟದ್ದೇ ಇಲ್ಲಿ. ಫ್ರಾನ್ಸ್ ಕೂಡ ಈ ಹೊಸದಾಗಿ ಸೇರಿದ ಪ್ರದೇಶದಲ್ಲಿ ಗಸ್ತು ಮಾಡಲ್ಲ ಅಂದಿತು, ವರ್ಷದ ಕೊನೆಗೆ ಉತ್ತರದ ಕೆಲಸದಿಂದಲೇ ಹೊರಬಂತು. 1998ರ ಡಿಸೆಂಬರ್ ನಂತರ ದಕ್ಷಿಣವನ್ನೂ ಬಿಟ್ಟಿತು.

ಪಡುಗಡಲು
ನೀವೆಲ್ಲ ಕುರ್ದ್, ಶಿಯಾ ಅಂತ ಮಾತಾಡ್ತಾ ಇದ್ದೀರಿ ಮಾರಾಯ್ರೆ, ಕುವೈತನ್ನ ಮರೆತೇಬಿಟ್ಟಿರಿ. ನಮ್ಮ ಕರಾವಳಿಯಲ್ಲಿ ಮನೆಗೊಬ್ಬ ಕುವೈತಿನಲ್ಲಿದ್ದ ಕಾಲ ಒಂದಿತ್ತು.

ನಮ್ಮ ಅಪ್ಪ 1990ರ ಆಗಸ್ಟ್‌ನಲ್ಲಿ ಅಲ್ಲಿ ಸಿಕ್ಕಿಬಿದ್ದವರು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿಯ ಮರುಭೂಮಿ, ಡೇರೆಯಲ್ಲಿ ಒಂಬತ್ತು ದಿನ, ಮತ್ತೆ ಅಮ್ಮಾನಿನಿಂದ ಏರ್ ಇಂಡಿಯಾ. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನ ಹಾಗೆ ಕರೆತಂದರಲ್ಲ, ಅದರಲ್ಲಿ ಒಬ್ಬರು. ಊರಿಗೆ ಬಂದಾಗ ಕೈಯಲ್ಲಿ ಒಂದು ಹ್ಯಾಂಡ್‌ಬ್ಯಾಗು ಮಾತ್ರ ಇತ್ತು, ಹದಿನಾಲ್ಕು ವರ್ಷದ ದುಡಿಮೆ ಅಲ್ಲೇ ಹೋಯ್ತು. ಆದರೂ 1993ರಲ್ಲಿ ಮತ್ತೆ ಹೋದರು. ಬೇರೆ ದಾರಿ ಇರಲಿಲ್ಲ.

ಅಹ್ಮದಿ ಕಡೆ ಅವರ ಕೆಲಸ. ಅಲ್ಲಿಗೆ ಹತ್ತಿರ ಅಹ್ಮದ್ ಅಲ್ ಜಾಬರ್ ವಾಯುನೆಲೆ. ಅಲ್ಲಿಂದ ದಿನಾ ಬೆಳಿಗ್ಗೆ ಜೆಟ್ ಏಳುವ ಸದ್ದು. "ಆ ಸದ್ದು ಕೇಳಿದ ಮೇಲೇ ಚಾ ಕುಡಿಯುವುದು" ಎಂದು ಅಪ್ಪ ಹೇಳುತ್ತಿದ್ದರು. 1994ರ ಅಕ್ಟೋಬರ್‌ನಲ್ಲಿ ಸದ್ದಾಂ ಪುನಃ ಸೇನೆಯನ್ನ ಗಡಿಗೆ ತಂದಾಗ ಅಲ್ಲಿ ಭಾರತೀಯರೆಲ್ಲ ಮತ್ತೆ ಗಂಟುಮೂಟೆ ಕಟ್ಟಿದ್ದರು. ಅಮೆರಿಕದ ವಿಮಾನ, ಸೈನಿಕರು ಬಂದರು, ಇವನು ಹಿಂದೆ ಹೋದ. ಇದೂ ಉದ್ದೇಶವೇ ಅಲ್ವಾ?

ಕಾನೂನುಕಟ್ಟೆ
@ಪಡುಗಡಲು ಆ 1994ರ ಘಟನೆಯ ನಂತರ ಭದ್ರತಾ ಮಂಡಳಿ 949ನೇ ನಿರ್ಣಯ ಮಾಡಿತು, ದಕ್ಷಿಣದಲ್ಲಿ ಹೆಚ್ಚುವರಿ ಸೇನೆ ತರಬಾರದು ಅಂತ. ಅಂದರೆ ನೆಲಕ್ಕೂ ಒಂದು ಗೆರೆ ಬಂತು. ನಿಮ್ಮ ತಂದೆಯವರ ಅನುಭವ ಒಂದು ದೊಡ್ಡ ವಿಷಯ ಹೇಳುತ್ತದೆ. ದಕ್ಷಿಣದ ವಲಯ ಹೆಸರಿಗೆ ಶಿಯಾಗಳದ್ದು, ಕೆಲಸಕ್ಕೆ ಕುವೈತ್ ಮತ್ತು ಸೌದಿಯದ್ದು. ಹಾಗಿದ್ದರೆ ಹಾಗೆಂದೇ ಹೇಳಬೇಕಿತ್ತು.

ಪಡುಗಡಲು
ಅದು ಹೌದು. ಹೇಳುವುದು ಒಂದು ಮಾಡುವುದು ಒಂದು ಉಂಟು.

ಬೆಳ್ಳಿಚುಕ್ಕಿ
ಶಿಯಾಗಳ ವಿಷಯಕ್ಕೆ ಬಂದರೆ ನನಗೆ ಸಿಟ್ಟು ತಡೆಯೋಕಾಗಲ್ಲ.

1991ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರೇ ಇರಾಕಿ ಜನ ತಮ್ಮ ಕೈಯಲ್ಲೇ ವಿಷಯ ತಗೊಂಡು ಸದ್ದಾಂನನ್ನ ಇಳಿಸಲಿ ಅಂತ ಕರೆ ಕೊಟ್ಟರು. ಜನ ನಂಬಿ ಎದ್ದರು. ಮಾರ್ಚ್ 3ಕ್ಕೆ ಸಫ್ವಾನ್‌ನಲ್ಲಿ ಕದನವಿರಾಮದ ಮಾತುಕತೆ. ಸೇತುವೆ, ರಸ್ತೆ ಎಲ್ಲ ಮುರಿದಿವೆ, ಓಡಾಡೋಕೆ ಹೆಲಿಕಾಪ್ಟರ್ ಬೇಕು ಅಂತ ಇರಾಕಿ ಅಧಿಕಾರಿಗಳು ಕೇಳಿದರು. ಅಮೆರಿಕದ ಜನರಲ್ ಶ್ವಾರ್ಟ್ಸ್‌ಕಾಫ್ ಆಗಲಿ ಅಂದರು. ಅದೇ ಹೆಲಿಕಾಪ್ಟರುಗಳು ಹೋಗಿ ದಂಗೆ ಎದ್ದ ಊರುಗಳ ಮೇಲೆ ಗುಂಡು ಸುರಿಸಿದವು. ಅಮೆರಿಕದ ಸೈನಿಕರು ಇನ್ನೂ ದಕ್ಷಿಣ ಇರಾಕಿನಲ್ಲೇ ಇದ್ದರು, ಹೊಗೆ ಕಾಣುವಷ್ಟು ಹತ್ತಿರದಲ್ಲಿ. ಸತ್ತವರು ಹತ್ತಾರು ಸಾವಿರ.

ದಕ್ಷಿಣದಲ್ಲಿ ಹಾರಾಟ ನಿಷೇಧ ಬಂದದ್ದು ಯಾವಾಗ? 1992ರ ಆಗಸ್ಟ್ 27. ಹದಿನೇಳು ತಿಂಗಳು ಕಳೆದ ಮೇಲೆ. ಗದ್ದೆಯ ಪೈರೆಲ್ಲ ದನ ಮೇಯ್ದ ಮೇಲೆ ಬೇಲಿ ಹಾಕಿದ್ದು.

ಇನ್ನೂ ಇದೆ. ಟೈಗ್ರಿಸ್, ಯೂಫ್ರೆಟಿಸ್ ಸೇರೋ ಕಡೆ ಸಾವಿರಾರು ವರ್ಷದ ಜೌಗು ನಾಡು. ನೀರ ಮೇಲೆ ಜೊಂಡಿನ ದ್ವೀಪ, ಜೊಂಡಿನದೇ ಮನೆ, ಎಮ್ಮೆ ಸಾಕಿಕೊಂಡು, ಮೀನು ಹಿಡಿದುಕೊಂಡು ಬದುಕೋ ಜನ. ದಂಗೆಕೋರರು ಅಲ್ಲಿ ಅಡಗಿದರು ಅಂತ ಸದ್ದಾಂ ಆ ನೀರನ್ನೇ ಬಸಿದುಬಿಟ್ಟ. ಕಾಲುವೆ ತೋಡಿ, ಒಡ್ಡು ಕಟ್ಟಿ, ನದಿಯನ್ನೇ ತಿರುಗಿಸಿ. 2001ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಉಪಗ್ರಹ ಚಿತ್ರ ನೋಡಿ ಸುಮಾರು ಶೇ 90ರಷ್ಟು ಹೋಗಿದೆ ಅಂದಿತು. ಇದೆಲ್ಲ ನಡೆದದ್ದು ದಕ್ಷಿಣದ ವಲಯದ ಅಡಿಯಲ್ಲೇ. ದಿನಾ ಮೇಲೆ ವಿಮಾನ, ಕೆಳಗೆ ಜೆಸಿಬಿ. ಪೈಲಟ್‌ಗಳಿಗೆ ಕಂಡಿರಲೇಬೇಕು. ಆದರೆ ಮಣ್ಣು ಅಗೆಯೋದು ಹಾರಾಟ ಅಲ್ಲವಲ್ಲ.

ಮಲೆಯಮಳೆ
ಜೌಗು ನಾಡಿನ ಬಗ್ಗೆ ಈಗಷ್ಟೇ ತಿಳಿದದ್ದು. ಈಗಲಾದರೂ ನೀರು ಬಂದಿದೆಯಾ?

ಬೆಳ್ಳಿಚುಕ್ಕಿ
2003ರ ನಂತರ ಜನರೇ ಒಡ್ಡು ಒಡೆದು ಒಂದಷ್ಟು ನೀರು ಬಿಟ್ಟುಕೊಂಡರು. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಆದರೆ ಮೇಲಿನ ಅಣೆಕಟ್ಟುಗಳು, ಬರ ಎಲ್ಲ ಸೇರಿ ಮತ್ತೆ ಒಣಗ್ತಿದೆ. ಎಮ್ಮೆ ಮಾರಿ ಊರು ಬಿಡ್ತಿದ್ದಾರೆ. ಅದರದ್ದೇ ಬೇರೆ ಚರ್ಚೆ ಮಾಡೋಣ.

ಎಂಜಿನ್‌ಟಿಪ್ಪಣಿ
ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ವಿಮಾನದ ಎಂಜಿನ್ ಕೆಲಸ ಮಾಡಿ ನಿವೃತ್ತನಾದವನು. ಜಾಗ್ವಾರ್ ಕೈಯಾಡಿಸಿದ ವಿಮಾನ. ಬ್ರಿಟಿಷರು ಉತ್ತರ ಇರಾಕಿನಲ್ಲಿ ಗಸ್ತಿಗೆ ಬಳಸಿದ ವಿಮಾನಗಳಲ್ಲಿ ಜಾಗ್ವಾರೂ ಒಂದು. ಆದ್ದರಿಂದ ಈ ವಿಷಯ ಆಗ ನಾವು ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

"ಗಸ್ತು" ಅಂದರೆ ಎರಡು ವಿಮಾನ ಹೋಗಿ ಸುತ್ತು ಹಾಕಿ ಬರುವುದು ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಒಂದು ದಿನದ ಗಸ್ತಿಗೆ ದೂರದಲ್ಲಿ ನಿಂತು ನೋಡುವ ರಾಡಾರ್ ವಿಮಾನ ಅವಾಕ್ಸ್ ಬೇಕು, ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್ ಬೇಕು, ಶತ್ರುವಿನ ರಾಡಾರ್ ಕುರುಡು ಮಾಡುವ ಜ್ಯಾಮರ್ ಬೇಕು, ರಾಡಾರನ್ನೇ ಹುಡುಕಿ ಹೊಡೆಯುವ ಕ್ಷಿಪಣಿ ಹೊತ್ತ ವಿಮಾನ ಬೇಕು, ಬಿದ್ದರೆ ಎತ್ತಿಕೊಂಡು ಬರುವ ಹೆಲಿಕಾಪ್ಟರ್ ಸಜ್ಜಾಗಿರಬೇಕು. ಉತ್ತರದವು ಟರ್ಕಿಯ ಇಂಜರ್ಲಿಕ್‌ನಿಂದ, ದಕ್ಷಿಣದವು ಸೌದಿ, ಕುವೈತ್ ಮತ್ತು ವಿಮಾನವಾಹಕ ಹಡಗುಗಳಿಂದ. ಲೋಹಕ್ಕೂ ಆಯಸ್ಸಿದೆ. ಹಾರಿದ ಪ್ರತಿ ಗಂಟೆಯೂ ರೆಕ್ಕೆಯ ಬುಡದಲ್ಲಿ ಲೆಕ್ಕಕ್ಕೆ ಸೇರುತ್ತದೆ. ಪೈಲಟ್‌ಗಳ ಕತೆಯೂ ಅದೇ. ತಿಂಗಳುಗಟ್ಟಲೆ ಅದೇ ಚೌಕದಲ್ಲಿ ಸುತ್ತಿದರೆ ನಿಜವಾದ ಕಾದಾಟದ ಅಭ್ಯಾಸ ತಪ್ಪುತ್ತದೆ ಎಂಬ ದೂರು ಅಮೆರಿಕದ ವಾಯುಪಡೆಯೊಳಗೇ ಇತ್ತು.

ಇನ್ನೊಂದು. ದಣಿದ ವ್ಯವಸ್ಥೆ ತಪ್ಪು ಮಾಡುತ್ತದೆ. 1994ರ ಏಪ್ರಿಲ್ 14ರಂದು ಉತ್ತರ ವಲಯದಲ್ಲಿ ಎರಡು ಎಫ್-15 ವಿಮಾನಗಳು ಎರಡು ಹೆಲಿಕಾಪ್ಟರುಗಳನ್ನು ಇರಾಕಿನವು ಎಂದು ತಿಳಿದು ಹೊಡೆದುರುಳಿಸಿದವು. ಅವು ಅಮೆರಿಕದ್ದೇ ಬ್ಲ್ಯಾಕ್ ಹಾಕ್. ಒಳಗಿದ್ದ 26 ಜನರೂ ಸತ್ತರು. ಅಮೆರಿಕನ್ನರು, ಬ್ರಿಟಿಷರು, ಫ್ರೆಂಚರು, ಟರ್ಕಿಯವರು, ಕುರ್ದರು. ಮೇಲಿದ್ದ ಅವಾಕ್ಸ್ ಸಿಬ್ಬಂದಿಗೆ ಹೆಲಿಕಾಪ್ಟರು ಅಲ್ಲಿರುವ ಮಾಹಿತಿ ಇತ್ತು, ಎಫ್-15ಗೆ ಹೇಳಲಿಲ್ಲ. ಗುರುತಿನ ಸಂಕೇತದ ಸಂಖ್ಯೆಯೂ ಹೊಂದಿಕೆಯಾಗಲಿಲ್ಲ. ಮೂರು ವರ್ಷ ಹೆಚ್ಚಿನ ದಿನ ಏನೂ ಆಗದ ಜಾಗದಲ್ಲಿ ಒಂದು ದಿನ ಹೀಗಾಯಿತು. ಇಂಥ ಅಪಘಾತದ ವರದಿ ಓದಿದಾಗೆಲ್ಲ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಏಕೆಂದರೆ ಪ್ರತಿಯೊಬ್ಬನೂ ತನ್ನ ಪಾಲಿನ ಸಣ್ಣ ತಪ್ಪನ್ನಷ್ಟೇ ಮಾಡಿರುತ್ತಾನೆ.

ಮೂರನೇಬೆಂಚು
26 ಜನ... ಇದು ಗೊತ್ತೇ ಇರಲಿಲ್ಲ. ಇರಾಕಿನವರು ಹೊಡೆದುರುಳಿಸಿದ್ದು ಎಷ್ಟು?

ಎಂಜಿನ್‌ಟಿಪ್ಪಣಿ
ಪೈಲಟ್ ಇದ್ದ ವಿಮಾನ ಒಂದೂ ಇಲ್ಲ. ಚಾಲಕರಹಿತ ಪ್ರಿಡೇಟರ್‌ಗಳು ಬಿದ್ದವು. 2002ರ ಡಿಸೆಂಬರ್‌ನಲ್ಲಿ ಒಂದು ಪ್ರಿಡೇಟರ್ ಇರಾಕಿ ಮಿಗ್-25ರ ಮೇಲೆ ಕ್ಷಿಪಣಿ ಬಿಟ್ಟಿತು, ಮಿಗ್ ಅದನ್ನು ಉರುಳಿಸಿತು.

ಸಾಧನಕೇರಿ
ಸೌದಿ ಅಂದ್ರಲ್ಲ, ಅದನ್ನೂ ಹೇಳಬೇಕು. 1996ರ ಜೂನ್‌ದಾಗ ಧಹ್ರಾನ್ ಹತ್ರ ಸೈನಿಕರ ವಸತಿ ಕಟ್ಟಡ ಖೋಬಾರ್ ಟವರ್ಸ್‌ಗೆ ಬಾಂಬ್ ಇಟ್ಟ್ರು, ಅಮೆರಿಕದ 19 ಮಂದಿ ವಾಯುಪಡೆ ಸಿಬ್ಬಂದಿ ಸತ್ರು. ಅವರು ಅಲ್ಲಿದ್ದದ್ದ ಈ ದಕ್ಷಿಣದ ಗಸ್ತಿಗಂತ. ಅದೇ ವರ್ಷ ಬಿನ್ ಲಾದೆನ್ ಯುದ್ಧ ಸಾರಿದಾಗ ಅವನ ಮುಖ್ಯ ದೂರು ಏನಿತ್ತು? ಸೌದಿ ನೆಲದಾಗ ಅಮೆರಿಕದ ಸೈನ್ಯ ಕುಂತದ ಅಂತ. ಯುದ್ಧ ಮುಗಿದು ಐದು ವರ್ಷ ಆದ್ರೂ ಸೈನ್ಯ ಯಾಕ ಕುಂತಿತ್ತು? ಆಕಾಶ ಕಾಯಾಕ. ಒಂದು ಕಾವಲು ಎಷ್ಟು ದೂರದ ಬೆಂಕಿ ಹಚ್ಚತದ ನೋಡ್ರಿ.

ಪಡುಗಡಲು
ಆ ಕೊಲೆಗಾರರ ದೂರನ್ನ ನಾವು ಸಮರ್ಥಿಸಬಾರದು.

ಸಾಧನಕೇರಿ
ಸಮರ್ಥನಿ ಅಲ್ರೀ. ಲೆಕ್ಕ ಹೇಳಾಕತ್ತೀನಿ. ಖರ್ಚಿನ ಪಟ್ಟಿಯೊಳಗ ಇದನ್ನೂ ಬರೀಬೇಕು.

ಕಾನೂನುಕಟ್ಟೆ
ಖರ್ಚಿನ ಪಟ್ಟಿಗೆ ಇರಾಕಿ ನಾಗರಿಕರನ್ನೂ ಸೇರಿಸಿ. 1998ರ ಡಿಸೆಂಬರ್‌ನ ಅಮೆರಿಕ, ಬ್ರಿಟನ್ ನಡೆಸಿದ ನಾಲ್ಕು ದಿನದ ಬಾಂಬ್ ದಾಳಿಯ ನಂತರ ಸದ್ದಾಂ ಈ ವಲಯಗಳನ್ನು ಒಪ್ಪುವುದಿಲ್ಲ ಎಂದು ರಾಡಾರ್, ಕ್ಷಿಪಣಿಗಳಿಂದ ಸವಾಲು ಹಾಕತೊಡಗಿದ. ಇವರೂ ನಿಯಮ ಸಡಿಲಿಸಿದರು. ತಮ್ಮ ಮೇಲೆ ಗುಂಡು ಹಾರಿಸಿದ ಜಾಗವನ್ನಷ್ಟೇ ಅಲ್ಲ, ಬೇರೆ ಸೇನಾ ಗುರಿಗಳನ್ನೂ ಹೊಡೆಯಬಹುದು ಎಂದಾಯಿತು. 1999ರ ಜನವರಿ 25ರಂದು ಅಂಥ ಒಂದು ಕ್ಷಿಪಣಿ ದಾರಿ ತಪ್ಪಿ ಬಸ್ರಾದ ಜುಮ್ಹೂರಿಯಾ ಎಂಬ ಬಡವರ ಬೀದಿಗೆ ಬಿತ್ತು. ಮಕ್ಕಳೂ ಸತ್ತರು.

ಆಗ ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದವರು ಜರ್ಮನಿಯ ಹಾನ್ಸ್ ಫಾನ್ ಸ್ಪೋನೆಕ್. ಅವರು ಇಂಥ ದಾಳಿಗಳ ಲೆಕ್ಕ ಇಡಲು ಶುರುಮಾಡಿದರು. 1999 ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ದಾಖಲಿಸಿದರು. ಇದು ನಿಮ್ಮ ಕೆಲಸ ಅಲ್ಲ ಎಂದು ಲಂಡನ್, ವಾಷಿಂಗ್ಟನ್ ಆಕ್ಷೇಪಿಸಿದವು. 2000ದಲ್ಲಿ ಇರಾಕಿನ ಮೇಲಿನ ಆರ್ಥಿಕ ನಿರ್ಬಂಧಗಳನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು.

ನಕ್ಷೆಪ್ರಿಯ
ನಾಗರಿಕರಿಗೆ ಪೆಟ್ಟಾಗಬಾರದು ಅಂತ 1999ರಲ್ಲಿ ಸ್ಫೋಟಕದ ಬದಲು ಕಾಂಕ್ರೀಟ್ ತುಂಬಿದ ಬಾಂಬ್ ಹಾಕಿದ್ದೂ ಉಂಟು. ಮನೆಗಳ ನಡುವೆ ಇಟ್ಟ ಫಿರಂಗಿಯ ಮೇಲೆ ಲೇಸರ್ ಗುರಿಯಿಟ್ಟು ಸಿಮೆಂಟಿನ ಗಟ್ಟಿ ಬೀಳಿಸೋದು. ಅಂದ್ರೆ ಸದ್ದಾಂ ಕೂಡ ಬೇಕಂತಲೇ ಜನವಸತಿ ಮಧ್ಯೆ ಫಿರಂಗಿ ಇಡ್ತಿದ್ದ, ಅದನ್ನೂ ಹೇಳಬೇಕು.

ಮಲೆಯಮಳೆ
ಸಿಮೆಂಟಿನ ಬಾಂಬಾ? ನಿಜವಾ?

ನಕ್ಷೆಪ್ರಿಯ
ನಿಜ.

ತುಂಗಾತೀರ
ಇದನ್ನೆಲ್ಲ ಓದಿದ ಮೇಲೆ ನನಗೆ ಹೀಗನ್ನಿಸುತ್ತೆ. 1991ರಲ್ಲಿ ಉದ್ದೇಶ ಕುರ್ದರು. 1992ರಲ್ಲಿ ಶಿಯಾಗಳು. 1994ರಲ್ಲಿ ಕುವೈತ್. 1996ರಲ್ಲಿ ಸದ್ದಾಂಗೆ ಶಿಕ್ಷೆ. 1999ರಲ್ಲಿ, ಗಸ್ತು ತಿರುಗೋ ವಿಮಾನಕ್ಕೆ ಗುಂಡು ಹಾರಿಸೋ ಫಿರಂಗಿಗಳನ್ನ ಹೊಡೆಯೋದು. ಅಂದರೆ ಗಸ್ತನ್ನ ಕಾಪಾಡೋಕೆ ಗಸ್ತು. ಕೊನೆಗೆ 2002ರ ಮಧ್ಯದಿಂದ, ಮುಂದೆ ಬರೋ ಯುದ್ಧಕ್ಕೆ ದಾರಿ ಸವರೋದು. ಯುದ್ಧ ಅಧಿಕೃತವಾಗಿ ಶುರುವಾಗೋ ಮುಂಚೆಯೇ 391 ಗುರಿಗಳ ಮೇಲೆ 606 ಬಾಂಬ್ ಹಾಕಿದ್ದೆವು ಅಂತ ಅಮೆರಿಕದ ವಾಯುದಳದ ಜನರಲ್ ಒಬ್ಬರೇ ಆಮೇಲೆ ಹೇಳಿದರು. ಗಸ್ತಿನ ಹೆಸರಲ್ಲಿ ಯುದ್ಧ ಒಂಬತ್ತು ತಿಂಗಳು ಮೊದಲೇ ನಡೆದುಹೋಗಿತ್ತು.

ಕುರ್ದರಿಗೆ ಒಳ್ಳೆಯದಾಗಿಲ್ಲ ಅಂತ ನಾನು ಹೇಳಲ್ಲ. ಮುಗಿಯೋ ಷರತ್ತು ಇಲ್ಲದೆ ಶುರು ಮಾಡಿದ ಕಾವಲಿಗೆ ಯಾರು ಯಾವ ಕೆಲಸ ಬೇಕಾದರೂ ಹೊರಿಸಬಹುದು ಅಂತ ಹೇಳ್ತಿದ್ದೀನಿ. ಹೊರಿಸಿದರು.

ಉತ್ತರಧ್ರುವ
ಮುಗಿಯೋ ಷರತ್ತು ಏನಿರಬೇಕಿತ್ತು ನೀವೇ ಹೇಳಿ. "ಸದ್ದಾಂ ಒಳ್ಳೆಯವನಾದ ದಿನ" ಅಂತಲಾ? ಆತ ಇರೋವರೆಗೂ ಅಪಾಯ ಇತ್ತು. ಮಗುವಿಗೆ ಜ್ವರ ಇರೋವರೆಗೂ ಔಷಧಿ ಕೊಡ್ತೀವಿ, ದಿನಾಂಕ ನೋಡಿ ನಿಲ್ಲಿಸ್ತೀವಾ?

ತುಂಗಾತೀರ
ಹನ್ನೆರಡು ವರ್ಷ ಅದೇ ಔಷಧಿಗೆ ಜ್ವರ ಇಳಿಯದಿದ್ದರೆ ಡಾಕ್ಟರನ್ನ ಪ್ರಶ್ನೆ ಕೇಳ್ತೀವಿ. ಕುರ್ದರ ಜೊತೆ ಒಂದು ಒಪ್ಪಂದ, ಅದಕ್ಕೆ ಅಂತರರಾಷ್ಟ್ರೀಯ ಜಾಮೀನು, ನೆಲದ ಮೇಲೆ ವೀಕ್ಷಕರು. ಇದ್ಯಾವುದಕ್ಕೂ ಯಾರೂ ಬೆವರು ಸುರಿಸಲಿಲ್ಲ. ವಿಮಾನ ಹಾರ್ತಿದೆಯಲ್ಲ, ಸಾಕು ಅಂತ ಬಿಟ್ಟರು.

ಬೆಳ್ಳಿಚುಕ್ಕಿ
ಬೋಸ್ನಿಯಾದಲ್ಲೂ ಇದೇ ಆಗಿದ್ದು. 1993ರಿಂದ ಮೇಲೆ ನೇಟೊ ವಿಮಾನ. 1995ರ ಜುಲೈನಲ್ಲಿ ಕೆಳಗೆ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನ ಕೊಂದರು. ಬಸ್ಸಿನಲ್ಲಿ ಕರ್ಕೊಂಡು ಹೋಗಿ, ಬಂದೂಕಿನಿಂದ.

ಪಡುಗಡಲು
ಒಟ್ಟಾರೆ ಇರಲೇಬಾರದಿತ್ತು ಅಂತ ಹೇಳ್ತೀರಾ ಹಾಗಾದರೆ?

ತುಂಗಾತೀರ
ಇಲ್ಲ. ಉತ್ತರದಲ್ಲಿ 1991ರಲ್ಲಿ ಬೇಕಿತ್ತು. ದಕ್ಷಿಣದಲ್ಲಿ 1991ರ ಮಾರ್ಚ್‌ನಲ್ಲೇ ಬೇಕಿತ್ತು, ಆಗ ಮಾಡಲಿಲ್ಲ.

ಕಾನೂನುಕಟ್ಟೆ
ಒಂದು ಸಣ್ಣ ತಿದ್ದುಪಡಿ. "ಮುಗಿಯುವ ದಿನವೇ ಇರಲಿಲ್ಲ" ಎನ್ನುವುದು ಪೂರ್ತಿ ಸರಿಯಲ್ಲ. ಉತ್ತರದ ಗಸ್ತು ಟರ್ಕಿಯ ನೆಲದಿಂದ ಹೋಗುತ್ತಿತ್ತು. ಟರ್ಕಿಯ ಸಂಸತ್ತು ಆರಾರು ತಿಂಗಳಿಗೆ ಅನುಮತಿ ನವೀಕರಿಸಬೇಕಿತ್ತು. ಅದೇ ಟರ್ಕಿ 1995ರಲ್ಲಿ 35,000 ಸೈನಿಕರನ್ನು ಅದೇ ಉತ್ತರ ಇರಾಕಿಗೆ ನುಗ್ಗಿಸಿ ಪಿಕೆಕೆ ಎಂಬ ಕುರ್ದ್ ಬಂಡುಕೋರರ ಮೇಲೆ ದಾಳಿ ಮಾಡಿತು, ವಿಮಾನದಿಂದ ಬಾಂಬ್ ಹಾಕಿತು. ನಿಷೇಧ ಇದ್ದದ್ದು ಇರಾಕಿನ ವಿಮಾನಕ್ಕೆ ಮಾತ್ರ.

ಸಾಧನಕೇರಿ
ಕೇಳ್ರಿ ಮತ್ತ. ಒಬ್ಬಾಂವ ಹಾರಿದ್ರ ಅಪರಾಧ, ಇನ್ನೊಬ್ಬಾಂವ ಹಾರಿದ್ರ ಮಿತ್ರ.

ಉತ್ತರಧ್ರುವ
ಆ ಆರು ತಿಂಗಳ ವಿಷಯ ಓದಿ ಸಂಜೆ ಪಕ್ಕದ ಮನೆಯವರನ್ನ ಕೇಳಿದೆ. 1991ರಲ್ಲಿ ಆಕೆಗೆ ಒಂಬತ್ತು ವರ್ಷ, ನಡೆದುಕೊಂಡೇ ಇರಾನ್ ಗಡಿಗೆ ಹೋದವರು. ಬಂದ ಮೇಲೆ ಅವರ ತಾಯಿ ಒಂದು ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟರಂತೆ. ರೊಟ್ಟಿ ಹಿಟ್ಟು, ಕಾಗದಪತ್ರ, ಕಿರಿಯ ತಮ್ಮನ ಉಣ್ಣೆ ಅಂಗಿ. ಪ್ರತಿ ಜೂನ್, ಪ್ರತಿ ಡಿಸೆಂಬರ್ ಅಂಕಾರಾದ ಸುದ್ದಿ ಬರೋವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡ್ತಿರಲಿಲ್ಲ. ಸುದ್ದಿ ಬಂದ ಮೇಲೆ ಹಿಟ್ಟು ಬದಲಾಯಿಸಿ ಚೀಲ ಮತ್ತೆ ಕಟ್ಟೋದು. 2003ರ ಏಪ್ರಿಲ್‌ನಲ್ಲಿ ಬಿಚ್ಚಿದರಂತೆ. ಆ ಅಂಗಿ ಅಷ್ಟೊತ್ತಿಗೆ ತಮ್ಮನಿಗಷ್ಟೇ ಅಲ್ಲ, ಅಕ್ಕನ ಮಗನಿಗೂ ಸಣ್ಣದಾಗಿತ್ತು.

ತಮ್ಮ ಊರು ಗೆರೆಯ ಹೊರಗಿತ್ತು ಅಂತ ಆಕೆಗೆ ಗೊತ್ತೇ ಇರಲಿಲ್ಲ. ನಕ್ಷೆಪ್ರಿಯ ಅವರ ಪೋಸ್ಟ್ ನೋಡಿ ನಾನು ಫೋನಿನಲ್ಲಿ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಅಮ್ಮನಿಗೆ ಹೇಳಬೇಡ" ಅಂದರು.

ನಕ್ಷೆಪ್ರಿಯ
...

ಪಡುಗಡಲು
ನಮ್ಮ ಅಪ್ಪನ ಹ್ಯಾಂಡ್‌ಬ್ಯಾಗೂ ಹಾಗೇ, ಕುವೈತಿನಿಂದ ಕೊನೆಗೆ ಬರುವವರೆಗೂ ಮಂಚದ ಕೆಳಗೇ ಇತ್ತು. ಅದರಲ್ಲಿ ಪಾಸ್‌ಪೋರ್ಟು ಬಿಟ್ಟರೆ ಬೇರೆ ಏನಿತ್ತು ಅಂತ ನಾವು ಕೇಳಲೇ ಇಲ್ಲ.

ತುಂಗಾತೀರ
@ಉತ್ತರಧ್ರುವ ಅವರಿಗೆ ನನ್ನ ನಮಸ್ಕಾರ ಹೇಳಿ. ಟರ್ಕಿಯ ಆರು ತಿಂಗಳ ವಿಷಯ ನನಗೆ ತಿಳಿದಿರಲಿಲ್ಲ, ಮೊದಲ ಪೋಸ್ಟಿನ ಆ ಸಾಲನ್ನ ತಿದ್ದುತ್ತೀನಿ. ಆದರೆ ಪ್ರಶ್ನೆ ಹಿಂದೆ ತಗೊಳ್ಳಲ್ಲ. ಕಾಯೋರಿಗೆ ಪ್ರತಿ ಆರು ತಿಂಗಳಿಗೆ ಒಂದು ಸಹಿ ಸಾಕಿತ್ತು. ಆ ತಾಯಿಗೆ ಅಷ್ಟೂ ವರ್ಷ ಚೀಲ ಬಿಚ್ಚೋಕೆ ಆಗಲಿಲ್ಲ.